ತೋಟದ ಲೆಕ್ಕಕ್ಕೆ ಯಾವ ಆಫೀಸ್ ಸಾಫ್ಟ್‌ವೇರ್ ಹಾಕಿಸಲಿ?

ಪ್ರಶ್ನೆ: ಮೇಡಂ, ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮಾವನವರು ಪುಸ್ತಕದಲ್ಲಿ ಬರೆದಿಡುತ್ತಿದ್ದ ಲೆಕ್ಕ ಈಗ ನನ್ನ ಕೈಗೆ ಬಂದಿದೆ. ವಾರದ ಬಟವಾಡೆ, ಮಳೆ ಲೆಕ್ಕ, ಕಾಫಿ-ಮೆಣಸು ಮಾರಿದ್ದು, ಇಷ್ಟೇ. ವರ್ಷಕ್ಕೊಮ್ಮೆ ಆಡಿಟರಿಗೆ ಕಳಿಸಬೇಕು. ಹೊಸ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಇತ್ತು, ತಿಂಗಳಾದ ಮೇಲೆ ದುಡ್ಡು ಕಟ್ಟಿ ಎನ್ನುತ್ತಿದೆ. ಅಂಗಡಿಯವರು ‘ಐನೂರು ಕೊಡಿ, ಪೂರ್ತಿ ಆಫೀಸ್ ಹಾಕಿಕೊಡ್ತೀವಿ’ ಎಂದರು. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ನೆಚ್ಚಿಕೊಳ್ಳುವ ಹಾಗಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಮೊದಲು ಆ ಐನೂರು ರೂಪಾಯಿಯ ಮಾತು ಬಿಟ್ಟುಬಿಡಿ. ಅಷ್ಟು ದುಡ್ಡಿಗೆ ಬರುವುದು ಕದ್ದ ಪ್ರತಿ. ಅದನ್ನು ಚಾಲೂ ಮಾಡಲು ಹಾಕುವ ಕ್ರ್ಯಾಕ್ ಪ್ರೋಗ್ರಾಂ ಸಾಮಾನ್ಯವಾಗಿ ಆಂಟಿವೈರಸ್ ಆಫ್ ಮಾಡಿಸಿಯೇ ಒಳಗೆ ಬರುತ್ತದೆ. ಜೊತೆಯಲ್ಲಿ ಇನ್ನೇನು ಬಂತೋ ಹಾಕಿದವರಿಗೂ ಗೊತ್ತಿರುವುದಿಲ್ಲ. ನಿಮ್ಮ ಬ್ಯಾಂಕಿನ ವ್ಯವಹಾರವೂ ಅದೇ ಲ್ಯಾಪ್‌ಟಾಪಿನಲ್ಲಿ ಅಲ್ವಾ? ಹಾಸನದ ನನ್ನ ಡಿ.ಟಿ.ಪಿ. ಅಂಗಡಿಗೆ ಬಂದು ಕೇಳುವವರಿಗೂ ನಾನು ಇದನ್ನೇ ಹೇಳುತ್ತೇನೆ.

ನಿಮ್ಮಲ್ಲಿ ಇದ್ದದ್ದು ಮೈಕ್ರೋಸಾಫ್ಟ್ 365ರ ಟ್ರಯಲ್. ಅದು ಬಾಡಿಗೆ ಮನೆ ಇದ್ದ ಹಾಗೆ, ಕಟ್ಟುತ್ತಲೇ ಇರಬೇಕು. ಚಂದಾ ನಿಂತರೆ ನಿಮ್ಮ ಫೈಲ್ ಎಲ್ಲಿಗೂ ಹೋಗುವುದಿಲ್ಲ. ತೆರೆದು ನೋಡಬಹುದು, ಪ್ರಿಂಟ್ ತೆಗೆಯಬಹುದು. ಆದರೆ ಒಂದು ಅಂಕಿ ತಿದ್ದಲೂ ಬಿಡುವುದಿಲ್ಲ. ಬಟವಾಡೆಯ ದಿನವೇ ಹಾಗಾದರೆ ಕಷ್ಟ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಆಫೀಸ್ 2024 ಕೂಡ ಇದೆ, ಒಂದು ಕಂಪ್ಯೂಟರಿಗೆ ಮಾತ್ರ. ಗೂಗಲ್ ಶೀಟ್ಸ್ ಬಿಟ್ಟಿ, ಒಳ್ಳೆಯದೂ ಹೌದು. ಆದರೆ ನೆಟ್ ಹೋಗುವ ಊರಿನಲ್ಲಿ ಅದೊಂದನ್ನೇ ನಂಬಿ ಕೂರಬೇಡಿ.

ನೀವು ಲಿಬ್ರೆ ಆಫೀಸ್ ಹಾಕಿಕೊಳ್ಳಿ. 2010ರಲ್ಲಿ ಓಪನ್ ಆಫೀಸ್ ಎಂಬ ಇನ್ನೊಂದು ಬಿಟ್ಟಿ ಸಾಫ್ಟ್‌ವೇರಿನಿಂದ ಕವಲೊಡೆದು ಬಂದದ್ದು ಇದು. ಇದಕ್ಕೆ ದುಡ್ಡಿಲ್ಲ, ಚಂದಾ ಇಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಕಿಲ್ಲ. ಮೆನುಗಳೂ ಕನ್ನಡದಲ್ಲಿ ಸಿಗುತ್ತವೆ. ಎಕ್ಸೆಲ್ ಜಾಗದಲ್ಲಿ ಇದರಲ್ಲಿ ಕ್ಯಾಲ್ಕ್ ಇದೆ. ಲಿಬ್ರೆ ಆಫೀಸಿನ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹುಡುಕುವಾಗ ಹಳೆಯ ಓಪನ್ ಆಫೀಸೂ ಎದುರಾಗುತ್ತದೆ. ಅದು ಈಗಿನ ವರ್ಡ್, ಎಕ್ಸೆಲ್ ಫೈಲುಗಳನ್ನು ತೆರೆಯುತ್ತದೆ, ಆದರೆ ಆ ರೂಪದಲ್ಲಿ ಉಳಿಸಲು ಅದರಿಂದ ಆಗುವುದಿಲ್ಲ. ನಿಮಗೆ ಅದು ಬೇಡ.

ಹಾಕಿದ ಮೇಲೆ ಒಂದು ಕೆಲಸ ತಪ್ಪದೆ ಮಾಡಿ. ಟೂಲ್ಸ್, ಅದರಲ್ಲಿ ಆಪ್ಷನ್ಸ್, ಅಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಲೊಕೇಲ್ ಎಂಬುದನ್ನು ನೋಡಿ. ಅಲ್ಲಿ ಅಮೆರಿಕ ಇದ್ದರೆ ಇಂಡಿಯಾ ಮಾಡಿ. ಇದೇನು ಮಹಾ ಅನ್ನಿಸಬಹುದು. ಆದರೆ ನಿಮ್ಮ ಮಳೆ ಲೆಕ್ಕವನ್ನೇ ತೆಗೆದುಕೊಳ್ಳಿ. ಮಾರ್ಚ್ 5ಕ್ಕೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಂತು, ನೀವು 5/3 ಎಂದು ಹೊಡೆದು ಮುಂದೆ 90 ಸೆಂಟ್ (ನೂರು ಸೆಂಟಿಗೆ ಒಂದು ಇಂಚು ಮಳೆ) ಬರೆದಿರಿ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಹಾಗಾಗಿ ಅಲ್ಲಿಯ ಲೊಕೇಲ್ ಇದ್ದರೆ ಅದು ಮೇ 3 ಎಂದು ಒಳಗೆ ಕೂರುತ್ತದೆ. ಮುಂದೆ 25/3 ಎಂದು ಹೊಡೆದಾಗ, 25ನೇ ತಿಂಗಳು ಇಲ್ಲವಲ್ಲ, ಅದನ್ನು ತಾರೀಕು ಎಂದೇ ಒಪ್ಪುವುದಿಲ್ಲ, ಸುಮ್ನೆ ಅಕ್ಷರ ಮಾಡಿ ಇಡುತ್ತದೆ. ಕಣ್ಣಿಗೆ ಎರಡೂ ಸರಿಯಾಗಿಯೇ ಕಾಣುತ್ತವೆ. ವರ್ಷದ ಕೊನೆಗೆ ತಿಂಗಳವಾರು ಜೋಡಿಸಿದಾಗ ಹೂಮಳೆ ಮೇ ತಿಂಗಳಲ್ಲಿ ಇರುತ್ತದೆ! ಹೂಮಳೆ ಯಾವತ್ತು ಬಂತು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಯಾವತ್ತು ಬಂತು ಎನ್ನುವುದಕ್ಕೇ ತಾನೇ ಮಾವನವರು ಅಷ್ಟು ವರ್ಷ ಬರೆದಿಟ್ಟದ್ದು? ಆ ಪುಸ್ತಕಗಳನ್ನೂ ಬಿಡುವಾದಾಗ ನಿಧಾನವಾಗಿ ಇದಕ್ಕೆ ಏರಿಸಿ. ತೋಟದ ಮನೆಯಲ್ಲಿ ಅದಕ್ಕಿಂತ ಬೆಲೆಬಾಳುವ ಲೆಕ್ಕ ಇನ್ನೊಂದಿಲ್ಲ.

ಆಡಿಟರ್ ವಿಷಯ. ಕ್ಯಾಲ್ಕ್ ತಾನಾಗಿ ಉಳಿಸುವುದು ಓಡಿಎಸ್ ರೂಪದಲ್ಲಿ. ಅವರಿಗೆ ಕಳಿಸುವಾಗ ‘ಸೇವ್ ಆ್ಯಸ್’ ಒತ್ತಿ ಎಕ್ಸೆಲ್ ರೂಪ ಆರಿಸಿದರೆ ಆಯಿತು. ಕೂಡುವುದು, ಕಳೆಯುವುದು, ದಿನಗೂಲಿಯ ಗುಣಾಕಾರ ಎಲ್ಲ ಹಾಗೇ ಹೋಗುತ್ತವೆ. ಅವರೇ ಮ್ಯಾಕ್ರೋ (ಫೈಲಿನೊಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಂ) ಇರುವ ಎಕ್ಸೆಲ್ ಫೈಲ್ ಕೊಟ್ಟು ‘ಇದರಲ್ಲೇ ತುಂಬಿ’ ಎನ್ನುವವರಾದರೆ ಮಾತ್ರ ಯೋಚಿಸಬೇಕು. ಮ್ಯಾಕ್ರೋಗಳು ಕ್ಯಾಲ್ಕ್‌ನಲ್ಲಿ ಎಲ್ಲ ಸಲವೂ ನಡೆಯುವುದಿಲ್ಲ. ಹೋದ ವರ್ಷದ ಅವರ ಫೈಲ್ ತರಿಸಿ ತೆರೆದು ನೋಡಿ. ನಡೆಯದಿದ್ದರೆ ಆಫೀಸ್ 2024ಕ್ಕೆ ದುಡ್ಡು ಹಾಕುವುದು ನ್ಯಾಯವೇ. ಯಾವುದನ್ನೇ ಹಾಕಿ, ಬಟವಾಡೆ ಮುಗಿದ ಸಂಜೆ ಫೈಲನ್ನು ಪೆನ್‌ಡ್ರೈವಿಗೂ ನಕಲು ಮಾಡಿ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಮೇಷ್ಟ್ರು. ಹಳೆಯ ಕಂಪ್ಯೂಟರಿನಲ್ಲಿ ‘ನುಡಿ’ ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಮಾಡಿದ ಪ್ರಶ್ನೆಪತ್ರಿಕೆಗಳು ಹೊಸದರಲ್ಲಿ ಏನೇನೋ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ಲಿಬ್ರೆ ಆಫೀಸಿನದೇ ದೋಷವೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಅದರ ದೋಷವಲ್ಲ ಸಾರ್. ವರ್ಡ್‌ನಲ್ಲಿ ತೆರೆದರೂ ಹಾಗೇ ಕಾಣುತ್ತದೆ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಇಟ್ಟುಕೊಂಡಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿಗೆ ಒಳಗಿನ ಇಂಗ್ಲಿಷೇ ಕಾಣುತ್ತದೆ. ನುಡಿ ಹಾಕಿಸಿ, ಅದರ ಪರಿವರ್ತಕದಿಂದ ಫೈಲುಗಳನ್ನು ಯೂನಿಕೋಡಿಗೆ (ಕನ್ನಡದ ಅಕ್ಷರಗಳಿಗೆ ಅವುಗಳದೇ ಜಾಗ ಇರುವ ವ್ಯವಸ್ಥೆಗೆ) ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ನಡುವೆ ಬಂದ ಇಂಗ್ಲಿಷ್ ಪದಗಳನ್ನು ಒಮ್ಮೆ ಕಣ್ಣಾಡಿಸಿ. ಎಡವಟ್ಟು ಆಗುವುದು ಅಲ್ಲೇ ಜಾಸ್ತಿ. ಹೊಸದಾಗಿ ಬರೆಯುವುದನ್ನೆಲ್ಲ ಯೂನಿಕೋಡಿನಲ್ಲೇ ಬರೆಯಿರಿ. ವಿಂಡೋಸಿನಲ್ಲೇ ಇರುವ ನಿರ್ಮಲಾ ಫಾಂಟ್ ಸಾಕು. ಹಳೆಯ ಫೈಲುಗಳನ್ನು ಮಾತ್ರ ಅಳಿಸಬೇಡಿ. ಬದಲಿಸಿದ್ದರಲ್ಲಿ ಒಂದು ಸಾಲು ಕೆಟ್ಟಿದ್ದರೆ ತಾಳೆ ನೋಡಲು ಮೂಲ ಬೇಕಾಗುತ್ತದೆ.