ಕೋನ್ ಫಿಲ್ಟರ್ ಹಾಕಿಸಿ ತೆಗೆಸಿದವನ ಮಾತು

ಪೆಟ್ರೋಲ್ ಸ್ವಿಫ್ಟ್‌ಗೆ ಕಂಪನಿಯದು ತೆಗೆದು ಅಂಗಡಿಯಲ್ಲಿ ಸಿಗುವ ಬೇರೆ ಏರ್ ಇಂಟೇಕ್ (ಎಂಜಿನ್ನಿಗೆ ಗಾಳಿ ಒಯ್ಯುವ ಫಿಲ್ಟರ್, ಪೈಪ್) ಹಾಕಿಸಿದರೆ ಪಿಕಪ್, ಮೈಲೇಜ್ ಎರಡೂ ಹೆಚ್ಚುತ್ತಾ ಅಂತ ಕೇಳಿದ್ದೀರಿ. ನಾನು ಹಾಕಿಸಿದ್ದೆ, ತೆಗೆಸಿದೆ.

ನಮ್ಮದು ಹೊಸಪೇಟೆ. ಕೆಲಸದ ಮೇಲೆ ಸಂಡೂರಿಗೆ ಓಡಾಟ ಜಾಸ್ತಿ. ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಿನಲ್ಲಿ ಎಣ್ಣೆ ಸವರಿದ ಹತ್ತಿಬಟ್ಟೆಯ ಕೋನ್ ಫಿಲ್ಟರ್ ಕೊಂಡು ತಂದೆ. ಆಕ್ಸಿಲರೇಟರ್ ಒತ್ತಿದರೆ ಬಾನೆಟ್ಟಿನೊಳಗಿಂದ ಸೊಂಯ್ ಅಂತ ಸದ್ದು, ಗಾಡಿ ಹಾರ್ತಿದೆ ಅನ್ನಿಸೋದು. ಆದರೆ ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಆಮೇಲೂ ಮೂರನೇ ಗೇರಿನಲ್ಲೇ ಹತ್ತುತ್ತಿತ್ತು.

ಎರಡು ತಿಂಗಳಾದ ಮೇಲೆ ಮೆಕ್ಯಾನಿಕ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಪೈಪ್ ಬಿಚ್ಚಿ, ಒಳಗೆ ಬೆರಳಾಡಿಸಿ ತೋರಿಸಿದ. ಬೆರಳ ತುದಿ ಕುಂಕುಮ ಮುಟ್ಟಿದ ಹಾಗೆ ಕೆಂಪು. ಅದಿರು ಲಾರಿಗಳ ಧೂಳು ಫಿಲ್ಟರ್ ದಾಟಿ ಒಳಗೆ ಹೊರಟಿತ್ತು. "ಎಂಜಿನ್ನಿಗೆ ಉಪ್ಪುಕಾಗದ ಹಾಕಿ ತಿಕ್ಕಿದಂಗ್ರಿ ಇದು" ಅಂದ. ಗಾಳಿ ಸಲೀಸಾಗಿ ಹೋಗುವಂತೆ ನೇಯ್ಗೆ ಸಡಿಲ ಮಾಡಿದರೆ ಸಣ್ಣ ಧೂಳಿಗೂ ದಾರಿ ಸಲೀಸು ತಾನೆ? ತೊಳೆದು ಮತ್ತೆ ಎಣ್ಣೆ ಹಚ್ಚುವಾಗ ಕೈ ಹೆಚ್ಚಾದರೆ ಇನ್ನೊಂದು ತಾಪತ್ರಯ: ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ಎಣ್ಣೆ ಅದಕ್ಕೇ ಮೆತ್ತಿಕೊಳ್ಳುತ್ತೆ.

ಪಿಕಪ್ ಯಾಕೆ ಏರಲಿಲ್ಲ ಅಂದರೆ, ಊರೊಳಗೆ ಓಡಿಸುವಾಗ ಪೆಟ್ರೋಲ್ ಎಂಜಿನ್ನಿನ ಉಸಿರು ಕಟ್ಟಿಸೋದು ಫಿಲ್ಟರ್ ಅಲ್ಲ, ಅರ್ಧಂಬರ್ಧ ತೆರೆದಿರುವ ಥ್ರಾಟಲ್, ಅಂದರೆ ಆಕ್ಸಿಲರೇಟರ್ ಒತ್ತಿದಷ್ಟೂ ತೆರೆಯುವ ಗಾಳಿಯ ಬಾಗಿಲು. ಜೊತೆಗೆ ಕಂಪನಿಯ ಏರ್ ಬಾಕ್ಸ್ (ಫಿಲ್ಟರ್ ಕೂರುವ ಮುಚ್ಚಿದ ಡಬ್ಬಿ) ಹೊರಗಿನ ತಣ್ಣನೆ ಗಾಳಿ ಎಳೆಯುತ್ತೆ. ಬಾನೆಟ್ಟಿನೊಳಗೆ ಬರಿಮೈಯಲ್ಲಿ ಕೂತ ಕೋನ್ ಎಂಜಿನ್ನಿನ ಬಿಸಿಗಾಳಿಯನ್ನೇ ಕುಡಿಯುತ್ತೆ. ಗಾಳಿ 3 ಡಿಗ್ರಿ ಬಿಸಿಯಾದರೆ ಸಾಂದ್ರತೆ ಸುಮಾರು 1% ಇಳಿಯಿತು. ನಮ್ಮ ಬೇಸಿಗೆಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತಾಗ ಲೆಕ್ಕ ನೀವೇ ಹಾಕಿ.

ಮೈಲೇಜ್ ಆಸೆಯಂತೂ ಬಿಡಿ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಫಿಲ್ಟರುಗಳಲ್ಲಿ ಗಾಳಿ ಸರಿಯಾಗಿ ಹೋಗದಂತೆ ಬೇಕಂತಲೇ ಕಟ್ಟಿಸಿ ಪರೀಕ್ಷೆ ಮಾಡಿತ್ತು. ಕಟ್ಟಿದ ಫಿಲ್ಟರಿನಿಂದ ಈಗಿನ ಇಂಜೆಕ್ಷನ್ ಗಾಡಿಗಳ ವೇಗ ಹಿಡಿಯುವ ಚುರುಕು ತಗ್ಗಿತು, ಮೈಲೇಜ್ ಹೆಚ್ಚುಕಮ್ಮಿ ಹಾಗೇ ಉಳಿಯಿತು. ಬಂದಷ್ಟು ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಬಿಡುತ್ತಲ್ಲ, ಅದಕ್ಕೆ. ಕಟ್ಟಿದ ಫಿಲ್ಟರಿನಿಂದಲೇ ಇಳಿಯದ ಮೈಲೇಜ್ ಸಲೀಸು ಫಿಲ್ಟರಿನಿಂದ ಏರೋದೆಲ್ಲಿ? ಮೈಲೇಜ್ ಬೀಳೋದು ಹಳೇ ಕಾರ್ಬುರೇಟರ್ ಗಾಡಿಗಳಲ್ಲಿ.

ಟರ್ಬೊ ಗಾಡಿಗೆ ರೀಮ್ಯಾಪ್ ಮಾಡಿಸಿ (ಆ ಕಂಪ್ಯೂಟರಿನ ಲೆಕ್ಕ ಬದಲಿಸಿ) ರೇಸ್ ಟ್ರ್ಯಾಕಿಗೆ ಒಯ್ಯುವವರಿಗೆ ಇಂಟೇಕ್ ಉಪಯೋಗಕ್ಕೆ ಬರಬಹುದು. ಸದ್ದಿನ ಮೋಹಕ್ಕೆ ಹಾಕಿಸ್ತೀನಿ ಅಂದರೂ ನನ್ನ ಜಗಳವಿಲ್ಲ, ನಂಗೂ ಆ ಸದ್ದು ಇಷ್ಟವಾಗಿತ್ತು! ಒಂದೇ ಎಚ್ಚರ, ಬಂಪರ್ ಹತ್ತಿರ ತಗ್ಗಿನಲ್ಲಿ ಬಾಯಿ ಇರುವ ಇಂಟೇಕ್ ಬೇಡ. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರು ಒಂದು ಗುಟುಕು ಒಳಗೆ ಹೋದರೂ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು, ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇಲ್ಲದ ಇನ್ಶೂರೆನ್ಸ್‌ನಲ್ಲಿ ಸಾಮಾನ್ಯವಾಗಿ ದುಡ್ಡು ಸಿಗಲ್ಲ.

ನಾನೀಗ ಕಂಪನಿಯ ಕಾಗದದ ಫಿಲ್ಟರೇ ಹಾಕಿಸ್ತೀನಿ. ನಮ್ಮ ಧೂಳಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ತನಕ ಕಾಯದೆ ಅರ್ಧಕ್ಕೇ ಬದಲಿಸ್ತೀನಿ. ಪೈಪಿನೊಳಗೆ ಬೆರಳಾಡಿಸೋ ಚಾಳಿ ಮಾತ್ರ ಹಾಗೇ ಉಳಿದಿದೆ.