ಹಿತ್ತಲಿಗೆ ದಿನಾ ರಾತ್ರಿ ಕಾಡುಪಾಪ ಬರುತ್ತಿದೆ, ಏನು ಮಾಡಲಿ?

ನಿಮ್ಮ ಹಿತ್ತಲಿನ ನುಗ್ಗೆ ಮರಕ್ಕೆ ಈಚೆಗೆ ರಾತ್ರಿ ಹೊತ್ತು ಕಾಡುಪಾಪ (ಸ್ಲೆಂಡರ್ ಲೋರಿಸ್, ಕೋತಿಯ ದೂರದ ನೆಂಟ) ಬರುತ್ತಿದೆ, ಬಾಳೆಹಣ್ಣು, ಹಾಲು ಇಡಬಹುದಾ ಅಂತ ಕೇಳಿದ್ದೀರಿ. ನಿಮ್ಮ ಅತ್ತೆಯವರು ಅಪಶಕುನ, ಓಡಿಸು ಅಂತಿದ್ದಾರಂತೆ. ಏನೂ ಇಡಬೇಡಿ, ಓಡಿಸಲೂ ಬೇಡಿ. ನೀವು ಕೇಳದೇ ಇರುವ ಇನ್ನೊಂದು ಮಾತು ಇವೆರಡಕ್ಕಿಂತ ಮುಖ್ಯ: ಬೇಲಿ ಸವರಬೇಡಿ.

ನಮ್ಮದು ತುಮಕೂರಿನ ಹೆಬ್ಬೂರು ಕಡೆ. ಹತ್ತಿರದ ನಾಗವಲ್ಲಿ ಕಾಡುಪಾಪಗಳಿಗೇ ಹೆಸರಾದ ಊರು. ಅಲ್ಲಿನ ಶಾಲೆಯ ಮೇಷ್ಟ್ರು, ಮಕ್ಕಳು ಇವುಗಳ ಪರವಾಗಿ ಊರವರಿಗೆ ತಿಳಿಹೇಳಿದ್ದನ್ನು ಪೇಪರಿನಲ್ಲಿ ಓದಿರಬಹುದು. ಈ ಪ್ರಾಣಿಗೆ ದೊಡ್ಡ ಕಾಡೇ ಬೇಕು ಅಂತೇನಿಲ್ಲ. ತೋಟದ ಸುತ್ತ ಹಳೇ ಬೇಲಿ, ನಾಲ್ಕು ಹೊಂಗೆ, ಜಾಲಿ, ಅದರ ಮೇಲೆ ಹಬ್ಬಿದ ಬಳ್ಳಿ ಇದ್ದರೆ ಸಂಸಾರ ಮಾಡಿಕೊಂಡಿರುತ್ತದೆ. ಹಗಲೆಲ್ಲ ಮುಳ್ಳಿನ ಮೆಳೆಯೊಳಗೆ ಮುದುಡಿಕೊಂಡು ಮಲಗುತ್ತದೆ. ಕತ್ತಲಾದ ಮೇಲೆ ಹೊರಗೆ.

ನಮ್ಮ ಹಿತ್ತಲಿಗೂ ಒಂದು ಬರುತ್ತದೆ. ಮೈ ತೂಕ ಕಾಲು ಕೆಜಿ ಆಸುಪಾಸು, ಬಾಲವಿಲ್ಲ, ಕೈಕಾಲು ಕಡ್ಡಿ ಕಡ್ಡಿ. ಕೊಂಬೆ ಮೇಲೆ ಒಂದು ಕೈ ಬಿಟ್ಟು, ಮುಂದೆ ಇಟ್ಟು, ಹಿಡಿತ ಸಿಕ್ಕ ಮೇಲೇ ಇನ್ನೊಂದನ್ನು ಎತ್ತುತ್ತದೆ. ನೋಡುತ್ತಾ ನಿಂತರೆ ನಮಗೇ ತೂಕಡಿಕೆ. ಹುಳ ಕಂಡಾಗ ಮಾತ್ರ ಬೇರೆಯೇ ಪ್ರಾಣಿ. ಹಿಂಗಾಲಲ್ಲಿ ಕೊಂಬೆ ಕಚ್ಚಿ ಹಿಡಿದು, ಮುಂದಿನ ಎರಡೂ ಕೈ ಚಾಚಿ ಟಕ್ಕನೆ ಹಿಡಿಯುತ್ತದೆ. ಆಮೇಲೆ ಕಣ್ಣು ಕಿವುಚಿಕೊಂಡು, ಮುಖ ಸಿಂಡರಿಸಿಕೊಂಡು ಅಗಿಯುತ್ತದೆ. ಘಾಟಿನ ಹುಳ ತಿಂದರೆ ಸೀನುವುದೂ ಉಂಟು. ಅಷ್ಟು ಕಷ್ಟಪಟ್ಟು ಯಾಕೆ ತಿನ್ನಬೇಕೋ!

ಇದರ ಊಟವೇ ಅದು. ಇರುವೆ, ಗೆದ್ದಲು, ಜೀರುಂಡೆ, ಮಿಡತೆ, ಒಮ್ಮೊಮ್ಮೆ ಸಣ್ಣ ಹಲ್ಲಿ. ಜಾಲಿ ಅಂಟನ್ನೂ ನೆಕ್ಕುತ್ತದೆ. ಬಾಳೆಹಣ್ಣು, ಹಾಲು ಇಟ್ಟರೆ ಬರುವುದು ಇಲಿ, ಬೆಕ್ಕು, ಬೀದಿನಾಯಿ. ಬೆಕ್ಕು, ನಾಯಿ ಬಂದರೆ ಕಾಡುಪಾಪದ ಕಥೆ ಮುಗಿಯಿತು, ಯಾಕಂದರೆ ನೆಲಕ್ಕಿಳಿದರೆ ಅದಕ್ಕೆ ಓಡಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ಏನಾದರೂ ಮಾಡಲೇಬೇಕು ಅನ್ನಿಸಿದರೆ ನುಗ್ಗೆಗೆ ಕಂಬಳಿಹುಳದ ಔಷಧಿ ಹೊಡೆಯುವುದನ್ನು ನಿಲ್ಲಿಸಿ. ಅದೇ ನೀವು ಹಾಕುವ ಊಟ.

ಈಗ ಬೇಲಿ ವಿಷಯ. ಕಾಡುಪಾಪ ಜಿಗಿಯುವುದಿಲ್ಲ. ಒಂದು ಕೊಂಬೆಯ ತುದಿ ಇನ್ನೊಂದಕ್ಕೆ ತಾಗಿದ್ದರೆ ಮಾತ್ರ ಅದಕ್ಕೆ ದಾರಿ. ನಡುವೆ ಒಂದು ಮರ ಕಡಿದರೆ ನೆಲಕ್ಕಿಳಿಯಬೇಕು, ಇಲ್ಲವೇ ಕರೆಂಟ್ ತಂತಿ ಹಿಡಿಯಬೇಕು. ನಮ್ಮ ಕಡೆ ಈಗ ಎಲ್ಲರಿಗೂ ಕಲ್ಲುಕಂಬ, ತಂತಿಬೇಲಿ ಬೇಕು. ಜೆಸಿಬಿ ತಂದು ಹಳೇ ಬೇಲಿಯನ್ನು ಒಂದೇ ದಿನದಲ್ಲಿ ಕಿತ್ತು ಹಾಕುತ್ತಾರೆ. ತೋಟ ನೀಟಾಗಿ ಕಾಣುತ್ತದೆ, ಒಪ್ಪಿದೆ. ಆದರೆ ಕಾಡುಪಾಪಕ್ಕೆ ಅದು ಮನೆಯೂ ಹೌದು, ರಸ್ತೆಯೂ ಹೌದು. ನಿಮ್ಮ ನುಗ್ಗೆ ಮರಕ್ಕೆ ಅದು ಯಾವ ಕಡೆಯಿಂದ ಬರುತ್ತದೆ ಅಂತ ಗಮನಿಸಿ. ಆ ಸಾಲನ್ನು ಮುಟ್ಟಬೇಡಿ. ಲೈನಿಗೆ ತಾಗುವ ಕೊಂಬೆ ಕಡಿಸಲೇಬೇಕಾದರೆ ಅಷ್ಟನ್ನು ಮಾತ್ರ ಕಡಿಸಿ, ಮರ ಬೋಳಿಸಬೇಡಿ.

ಅತ್ತೆಯವರಿಗೆ ಏನು ಹೇಳೋದು? ವಾದ ಮಾಡಬೇಡಿ. ನಮ್ಮ ಅಜ್ಜಿಯೂ ಹಾಗೇ ಅಂತಿದ್ದರು. ಒಂದು ರಾತ್ರಿ ಸುಮ್ನೆ ಕರೆದುಕೊಂಡು ಹೋಗಿ ತೋರಿಸಿ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ, ದೂರ ನಿಂತು, ಸ್ವಲ್ಪ ಹೊತ್ತು ನೋಡಿದರೆ ಸಾಕು. ಬಿಳಿ ಬೆಳಕು ನೇರ ಕಣ್ಣಿಗೆ ಬಿಟ್ಟರೆ ಅದಕ್ಕೆ ಹಿಂಸೆ. ಮೊಬೈಲ್ ಫ್ಲ್ಯಾಶ್ ಅಂತೂ ಬೇಡವೇ ಬೇಡ.

ಒಂಟಿ ಮರಿ ಕಂಡರೆ ಪಾಪ ಅಂತ ಎತ್ತಿಕೊಂಡು ಬರಬೇಡಿ. ತಾಯಿ ಮರಿಯನ್ನು ಕೊಂಬೆಯಲ್ಲಿ ಬಿಟ್ಟು ಹುಳ ಹುಡುಕಲು ಹೋಗುವುದು ಮಾಮೂಲು, ಬೆಳಗಾಗುವ ಹೊತ್ತಿಗೆ ಬಂದು ಕರೆದುಕೊಳ್ಳುತ್ತದೆ. ಗಾಯವಾಗಿದ್ದರೆ, ಕೆಳಗೆ ಬಿದ್ದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬರಿಗೈಯಲ್ಲಿ ಹಿಡಿಯಬೇಡಿ, ಕಚ್ಚುತ್ತದೆ. ಕಚ್ಚಿಬಿಟ್ಟರೆ ಸೋಪು ಹಾಕಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಿ.

ಸಾಕಿಕೊಳ್ಳುವ ಯೋಚನೆ ಇದ್ದರೆ ಇಲ್ಲಿಗೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಇದು ಇದೆ. ಹಿಡಿದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಪಕ್ಕದ ತಮಿಳುನಾಡಿನಲ್ಲಿ 2022ರಲ್ಲಿ ಕಡವೂರು ಅಂತ ಕಾಡುಪಾಪಕ್ಕೇ ಒಂದು ಅಭಯಾರಣ್ಯ ಮಾಡಿದ್ದಾರೆ. ನಮ್ಮ ಕಡೆ ಅದು ಇನ್ನೂ ರೈತರ ಬೇಲಿ ನಂಬಿಕೊಂಡೇ ಬದುಕಬೇಕು.

ಇನ್ನೊಂದು, ಫೋಟೊ ತೆಗೆದು ಊರಿನ ಹೆಸರು ಹಾಕಿ ಸ್ಟೇಟಸ್ ಇಡಬೇಡಿ. ಅಮಾವಾಸ್ಯೆ, ಮಾಟ ಅಂತ ಇದನ್ನು ಹುಡುಕಿಕೊಂಡು ಓಡಾಡುವವರು ಇದ್ದಾರೆ. ಯಾರಾದರೂ ಅಪರಿಚಿತರು ಬಂದು "ಇಲ್ಲಿ ಕಾಡುಪಾಪ ಇದೆಯಂತಲ್ಲ" ಅಂತ ಕೇಳಿದರೆ, "ಇಲ್ಲಪ್ಪ, ನಾವು ನೋಡಿಲ್ಲ" ಅಂದುಬಿಡಿ, ಗಾಡಿ ನಂಬರ್ ಬರೆದಿಟ್ಟುಕೊಳ್ಳಿ.