ಶಾಸಕರ ಕೆಲಸವನ್ನು ಎಲ್ಲಿ ಹುಡುಕಬೇಕು

ಮಕ್ಕಳು, ಆಸ್ಪತ್ರೆ ಅಂತ ಊರಲ್ಲಿ ಭಾಷಣ ಮಾಡುವ ಶಾಸಕರು ಸದನದಲ್ಲಿ ಏನು ಮಾಡಿದ್ದಾರೆ ಎಂದು ಶಿರಸಿಯಲ್ಲಿ ಕೂತು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ.

ಉದ್ಘಾಟನೆಯ ಫೋಟೋ ಬಿಡಿ. ವಿಧಾನಸಭೆಯ ವೆಬ್‌ಸೈಟಿನಲ್ಲಿ ಪ್ರಶ್ನೋತ್ತರ ನೋಡಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರಿಸಬೇಕು, ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಸಾಕು. ಸುಮ್ನೆ ಪ್ರಶ್ನೆಗಳ ಎಣಿಕೆ ನೋಡಬೇಡಿ. ಅಂಗನವಾಡಿ ಎಷ್ಟಿವೆ ಅಂತ ಯಾರು ಬೇಕಾದರೂ ಕೇಳುತ್ತಾರೆ. ಸ್ವಂತ ಕಟ್ಟಡ ಇಲ್ಲದವು ಎಷ್ಟು, ಮಕ್ಕಳ ತಜ್ಞರ ಹುದ್ದೆ ಯಾಕೆ ಖಾಲಿ, ಯಾವಾಗ ತುಂಬುತ್ತೀರಿ ಎಂದು ಕೇಳಿ, ಮುಂದಿನ ಅಧಿವೇಶನದಲ್ಲೂ ಅದನ್ನೇ ಬಿಡದೆ ಹಿಡಿದವರು ನಿಜವಾಗಿ ಕೆಲಸ ಮಾಡುವವರು. ಮಹಿಳೆಯರ ಮತ್ತು ಮಕ್ಕಳ ಕಲ್ಯಾಣಕ್ಕೆ ವಿಧಾನಮಂಡಲದ ಸಮಿತಿಯೂ ಇದೆ. ಅದರಲ್ಲಿ ಇದ್ದರಾ ನೋಡಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಿಜವಾದ ಪರೀಕ್ಷೆ ಆಸ್ಪತ್ರೆಯದ್ದೇ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್ ಬಳಿ ಪಲ್ಟಿಯಾಯಿತು. ಆಮೇಲೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಜಿಲ್ಲೆಯಿಡೀ ಎದ್ದಿತು. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದ್ದರೂ ಕಾಯಿಲೆ ಗಂಭೀರವಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಆ ಹೊತ್ತಿಗೆ ಎಲ್ಲರೂ ಮಾತಾಡಿದರು, ಅಲ್ವಾ? ಅದಕ್ಕೂ ಮೊದಲಿನ ಸದನದ ಕಡತದಲ್ಲಿ ನಿಮ್ಮ ಶಾಸಕರ ಹೆಸರು ಸಿಕ್ಕರೆ ನಾನಂತೂ ಜಾಸ್ತಿ ಅಂಕ ಕೊಡುತ್ತೇನೆ.

ಇನ್ನು ದುಡ್ಡಿನ ವಿಷಯ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅಂಗನವಾಡಿಗೆ ಎಷ್ಟು, ಸಮುದಾಯ ಭವನಕ್ಕೆ ಎಷ್ಟು ಎಂದು ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಬರೀ 10 ರೂಪಾಯಿ. ವರ್ಷವಾರು ಪಟ್ಟಿಯನ್ನೇ ಕೇಳಿ.